ವಂಚಿತರ ಹಣ ಮರಳಿಸುವ ‘ರಿಸೀವರ್’ ಯಾರು? ಸ್ಟ್ಯಾನ್‌ಫರ್ಡ್ ಪ್ರಕರಣದಿಂದ ತಿಳಿಯಬೇಕಾದ ವಿಷಯಗಳು



ಹಣ ಹೂಡಿದ ಸಂಸ್ಥೆಯೊಂದು ಒಂದು ದಿನ ಬೆಳಿಗ್ಗೆ ಬಾಗಿಲು ತೆರೆಯದೇ ಹೋದಾಗ, ಹಣ ಇಟ್ಟವರ ಬಾಯಿಂದ ಬರುವ ಮೊದಲ ಪ್ರಶ್ನೆ ‘ನಮ್ಮ ಹಣ ಸಿಗುತ್ತದೆಯೇ?’ ಎಂಬುದು. ಎರಡನೆಯದು ‘ಯಾವಾಗ?’ ಎಂಬುದು. ಮೋಸ ಮಾಡಿದವನು ಜೈಲಿಗೆ ಹೋದ ಸುದ್ದಿ ಪತ್ರಿಕೆಯ ಮುಖಪುಟದಲ್ಲಿ ಬರುತ್ತದೆ. ಆದರೆ ಕಳೆದುಕೊಂಡವರ ಹಣ ಹುಡುಕಿ ತರುವ ಕೆಲಸ ಆ ಸುದ್ದಿ ತಣ್ಣಗಾದ ಮೇಲೆ, ಹತ್ತು ಹದಿನೈದು ವರ್ಷಗಳ ಕಾಲ ನಡೆಯುತ್ತದೆ. ಅಮೆರಿಕದಲ್ಲಿ ಈ ಕೆಲಸಕ್ಕೆ ನ್ಯಾಯಾಲಯ ನೇಮಿಸುವ ವ್ಯಕ್ತಿಯನ್ನು ‘ರಿಸೀವರ್’ ಎನ್ನುತ್ತಾರೆ. ಹೆಚ್ಚಾಗಿ ಆತ ಒಬ್ಬ ವಕೀಲ. ಆತನ ಬೆನ್ನಿಗೆ ಒಂದು ಕಾನೂನು ಸಂಸ್ಥೆ ಇರುತ್ತದೆ. ಈ ವ್ಯವಸ್ಥೆ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಒಂದು ಪ್ರಸಿದ್ಧ ಪ್ರಕರಣದ ಮೂಲಕ ವಿವರಿಸಲು ಇಲ್ಲಿ ಪ್ರಯತ್ನಿಸಿದ್ದೇವೆ.

ಹೆಲಿಕಾಪ್ಟರಿನಲ್ಲಿ ಬಂದ ಡಾಲರ್ ಪೆಟ್ಟಿಗೆ

ಕ್ರಿಕೆಟ್ ಪ್ರಿಯರಿಗೆ ಅಲನ್ ಸ್ಟ್ಯಾನ್‌ಫರ್ಡ್ ಎಂಬ ಹೆಸರು ನೆನಪಿರಬಹುದು. 2008ರ ಜೂನ್ ತಿಂಗಳಲ್ಲಿ ಲಂಡನ್ನಿನ ಲಾರ್ಡ್ಸ್ ಮೈದಾನಕ್ಕೆ ಹೆಲಿಕಾಪ್ಟರಿನಲ್ಲಿ ಬಂದಿಳಿದು, ಡಾಲರ್ ನೋಟುಗಳ ಪೆಟ್ಟಿಗೆಯೊಂದನ್ನು ಜನರೆದುರು ಇಟ್ಟ ಟೆಕ್ಸಾಸಿನ ಶ್ರೀಮಂತ ಈತ. ಅದೇ ವರ್ಷ ನವೆಂಬರ್ 1ರಂದು ಕೆರಿಬಿಯನ್ ದ್ವೀಪ ಆಂಟಿಗುವಾದಲ್ಲಿ ಇಂಗ್ಲೆಂಡ್ ತಂಡವೂ ‘ಸ್ಟ್ಯಾನ್‌ಫರ್ಡ್ ಸೂಪರ್‌ಸ್ಟಾರ್ಸ್’ ತಂಡವೂ 2 ಕೋಟಿ ಡಾಲರ್ ಬಹುಮಾನಕ್ಕಾಗಿ ಆಡಿದವು. ಇಂಗ್ಲೆಂಡ್ 99 ರನ್ನಿಗೆ ಆಲೌಟ್ ಆಗಿ ಸೋತಿತು. ಗೆದ್ದ ತಂಡದಲ್ಲಿ ಆಡಿದ ಹನ್ನೊಂದು ಮಂದಿಗೆ ತಲಾ 10 ಲಕ್ಷ ಡಾಲರ್ ಸಿಕ್ಕಿತು.

ಇದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, 2009ರ ಫೆಬ್ರವರಿ 17ರಂದು, ಅಮೆರಿಕದ ಷೇರು ಮಾರುಕಟ್ಟೆಯ ಮೇಲ್ವಿಚಾರಣಾ ಸಂಸ್ಥೆಯಾದ ಎಸ್‌ಇಸಿ ಸ್ಟ್ಯಾನ್‌ಫರ್ಡ್ ವಿರುದ್ಧ ಭಾರೀ ವಂಚನೆಯ ಆರೋಪ ಹೊರಿಸಿ ಡಲ್ಲಾಸಿನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದ ಸುದ್ದಿ ಹೊರಬಿತ್ತು. ಹ್ಯೂಸ್ಟನ್ ನಗರದ ಕಚೇರಿಗೆ ಬೀಗ ಬಿತ್ತು.

ವಂಚನೆಯ ಬಗೆ ನಮ್ಮ ಜನರಿಗೆ ಸುಲಭವಾಗಿ ಅರ್ಥವಾಗುವಂಥದ್ದು. ಆಂಟಿಗುವಾದಲ್ಲಿದ್ದ ‘ಸ್ಟ್ಯಾನ್‌ಫರ್ಡ್ ಇಂಟರ್‌ನ್ಯಾಷನಲ್ ಬ್ಯಾಂಕ್’ ಸರ್ಟಿಫಿಕೇಟ್ ಆಫ್ ಡಿಪಾಸಿಟ್ ಎಂಬ ಪತ್ರಗಳನ್ನು ಮಾರುತ್ತಿತ್ತು. ನಾವು ಬ್ಯಾಂಕಿನಲ್ಲಿ ಇಡುವ ಫಿಕ್ಸೆಡ್ ಡಿಪಾಸಿಟ್ ಇದ್ದ ಹಾಗೆ. ಬೇರೆ ಬ್ಯಾಂಕುಗಳಿಗಿಂತ ಇಲ್ಲಿ ಬಡ್ಡಿ ಹೆಚ್ಚು. ಹಣವನ್ನು ಸುರಕ್ಷಿತ ಷೇರು ಮತ್ತು ಬಾಂಡುಗಳಲ್ಲಿ ಹೂಡಿದ್ದೇವೆ, ಬೇಕೆಂದಾಗ ನಗದು ಮಾಡಿಕೊಳ್ಳಬಹುದು ಎಂದು ಬ್ಯಾಂಕು ಹೇಳುತ್ತಿತ್ತು. ನಿಜವಾಗಿ ಹಣದ ದೊಡ್ಡ ಪಾಲು ಮಾಲೀಕನ ಸ್ವಂತ ವ್ಯವಹಾರ, ವಿಮಾನ, ವಿಹಾರ ನೌಕೆ, ಕ್ರಿಕೆಟ್ ಇತ್ಯಾದಿಗಳಿಗೆ ಸಾಲದ ಹೆಸರಿನಲ್ಲಿ ಹರಿದುಹೋಗಿತ್ತು. 2008ರಲ್ಲಿ 6.35 ಕೋಟಿ ಡಾಲರ್ ಕೊಟ್ಟು ಖರೀದಿಸಿದ ಜಮೀನನ್ನು ಲೆಕ್ಕದ ಪುಸ್ತಕದಲ್ಲಿ 300 ಕೋಟಿ ಡಾಲರಿಗೂ ಮಿಕ್ಕಿದ ಬೆಲೆಗೆ ತೋರಿಸಲಾಗಿತ್ತು. ಹಳಬರಿಗೆ ಕೊಡುತ್ತಿದ್ದ ಬಡ್ಡಿ ಹೊಸಬರು ತಂದಿಟ್ಟ ಅಸಲಿನಿಂದಲೇ ಹೋಗುತ್ತಿತ್ತು. ಇಂತಹ ಮೋಸಕ್ಕೆ ಪೊಂಜಿ ಯೋಜನೆ ಎನ್ನುತ್ತಾರೆ.

ಒಟ್ಟು ವಂಚನೆ ಸುಮಾರು 700 ಕೋಟಿ ಡಾಲರ್. ಹಣ ಕಳೆದುಕೊಂಡವರು ಸುಮಾರು 18,000 ಮಂದಿ. ಲೂಸಿಯಾನ ರಾಜ್ಯದ ತೈಲ ಸಂಸ್ಕರಣಾ ಘಟಕಗಳಲ್ಲಿ ದುಡಿದು ನಿವೃತ್ತರಾದವರು, ತಮ್ಮ ದೇಶದ ಹಣದ ಮೇಲೆ ಭರವಸೆ ಕಳೆದುಕೊಂಡು ಡಾಲರಿನಲ್ಲಿ ಉಳಿತಾಯ ಮಾಡಿದ ವೆನೆಜುವೆಲಾ, ಮೆಕ್ಸಿಕೊ ದೇಶಗಳ ಮಧ್ಯಮ ವರ್ಗದವರು ಇವರಲ್ಲಿ ಬಹಳ. 2012ರ ಮಾರ್ಚ್ 6ರಂದು ಸ್ಟ್ಯಾನ್‌ಫರ್ಡ್ ಅಪರಾಧಿ ಎಂದು ತೀರ್ಪಾಯಿತು. ಜೂನ್ 14ರಂದು 110 ವರ್ಷಗಳ ಸೆರೆವಾಸ ವಿಧಿಸಲಾಯಿತು. ಆದರೆ ಅಪರಾಧಿಗೆ 110 ವರ್ಷ ಶಿಕ್ಷೆಯಾದರೂ ನಿವೃತ್ತ ಕಾರ್ಮಿಕನ ಮನೆಗೆ ಅದರಿಂದ ಒಂದು ಡಾಲರೂ ಬರುವುದಿಲ್ಲ.

ರಿಸೀವರ್ ಯಾರ ಕಡೆಯವರು?

ಎಸ್‌ಇಸಿ ಕೇಳಿಕೊಂಡ ಪ್ರಕಾರ ನ್ಯಾಯಾಲಯವು ಡಲ್ಲಾಸಿನ ‘ಕ್ರೇಜ್ ಎಂಡ್ ಜಾನ್ವಿ’ ಎಂಬ ಸಣ್ಣ ಕಾನೂನು ಸಂಸ್ಥೆಯ ವಕೀಲ ರಾಲ್ಫ್ ಜಾನ್ವಿ ಅವರನ್ನು ರಿಸೀವರ್ ಆಗಿ ನೇಮಿಸಿತು. ‘ಬೇಕರ್ ಬಾಟ್ಸ್’ ಎಂಬ ದೊಡ್ಡ ಕಾನೂನು ಸಂಸ್ಥೆ ಅವರ ಪರವಾಗಿ ವಾದಿಸಿತು. ಜೊತೆಗೆ ಹಣದ ಜಾಡು ಹಿಡಿಯುವ ಲೆಕ್ಕ ತಜ್ಞರ ತಂಡವೂ ಇತ್ತು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಸರಿಪಡಿಸುವುದು ಅಗತ್ಯ. ರಿಸೀವರ್ ಮೋಸ ಮಾಡಿದವನ ವಕೀಲ ಅಲ್ಲ. ಮೋಸ ಹೋದ ಒಬ್ಬೊಬ್ಬರ ಖಾಸಗಿ ವಕೀಲರೂ ಅಲ್ಲ. ಅವರು ನ್ಯಾಯಾಲಯದ ಕೈ. ಮುಚ್ಚಿದ ಸಂಸ್ಥೆಯ ಆಸ್ತಿಪಾಸ್ತಿ, ಲೆಕ್ಕಪತ್ರ, ಬ್ಯಾಂಕ್ ಖಾತೆ, ಕಂಪ್ಯೂಟರ್, ಬೀಗದ ಕೈ ಎಲ್ಲವೂ ಅವರ ವಶಕ್ಕೆ ಬರುತ್ತವೆ. ಅವರು ಮಾಡಬೇಕಾದ ಕೆಲಸಗಳನ್ನು ನಾಲ್ಕು ಮಾತಿನಲ್ಲಿ ಹೇಳಬಹುದು: ಇರುವುದನ್ನು ಕಾಪಾಡುವುದು, ಹೋದದ್ದನ್ನು ಹುಡುಕುವುದು, ಯಾರಿಗೆ ಎಷ್ಟು ಸಲ್ಲಬೇಕೆಂದು ಲೆಕ್ಕ ಹಾಕುವುದು, ನ್ಯಾಯಾಧೀಶರ ಒಪ್ಪಿಗೆ ಪಡೆದು ಹಂಚುವುದು. ಪ್ರತಿಯೊಂದು ದೊಡ್ಡ ಹೆಜ್ಜೆಗೂ ನ್ಯಾಯಾಲಯದ ಅಪ್ಪಣೆ ಬೇಕು.

ಈ ವ್ಯವಸ್ಥೆ ಏಕೆ ಬೇಕಾಯಿತು? ರಿಸೀವರ್ ಇಲ್ಲದಿದ್ದರೆ ಮೊದಲು ಓಡಿದವನಿಗೆ ಹಣ, ಹಿಂದೆ ಉಳಿದವನಿಗೆ ಕಣ್ಣೀರು. ಒಳ್ಳೆಯ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿಯಿದ್ದ ಶ್ರೀಮಂತ ಮೊದಲು ದಾವೆ ಹಾಕಿ ಉಳಿದದ್ದನ್ನೆಲ್ಲ ಜಪ್ತಿ ಮಾಡಿಕೊಂಡು ಹೋಗುತ್ತಾನೆ. ಊರಿನ ವಿಧವೆಗೆ ಸುದ್ದಿ ಮುಟ್ಟುವಾಗ ತಿಜೋರಿ ಖಾಲಿಯಾಗಿರುತ್ತದೆ. ಆದ್ದರಿಂದ ನ್ಯಾಯಾಲಯ ಎಲ್ಲರ ಓಟವನ್ನೂ ನಿಲ್ಲಿಸಿ, ಇರುವುದನ್ನು ಒಂದೇ ಬುಟ್ಟಿಗೆ ಹಾಕಿ, ಕಳೆದುಕೊಂಡ ಪ್ರಮಾಣಕ್ಕೆ ಸರಿಯಾಗಿ ಪಾಲು ಮಾಡಿಸುತ್ತದೆ.

ಪಾಲಿನ ಲೆಕ್ಕ

ಹಂಚಿಕೆಯ ಲೆಕ್ಕದಲ್ಲಿ ಬಹಳ ಮಂದಿ ನಿರಾಶರಾಗುತ್ತಾರೆ. ಒಂದು ಕಲ್ಪಿತ ಉದಾಹರಣೆ ನೋಡೋಣ. ಒಬ್ಬರು 1,00,000 ಡಾಲರ್ ಇಟ್ಟಿದ್ದರು. ವರ್ಷಗಳ ಅವಧಿಯಲ್ಲಿ ಬಡ್ಡಿಯೆಂದು 30,000 ಡಾಲರ್ ಪಡೆದಿದ್ದರು. ಬ್ಯಾಂಕು ಕಳುಹಿಸಿದ ಕೊನೆಯ ಚೀಟಿಯಲ್ಲಿ ‘ನಿಮ್ಮ ಖಾತೆಯಲ್ಲಿ 1,40,000 ಡಾಲರ್ ಇದೆ’ ಎಂದು ಬರೆದಿತ್ತು. ಅವರಿಗೆ ಸಲ್ಲಬೇಕಾದದ್ದು ಎಷ್ಟು?

ಅವರ ಮನಸ್ಸಿನಲ್ಲಿ ಉತ್ತರ 1,40,000. ರಿಸೀವರ್ ಲೆಕ್ಕದಲ್ಲಿ 70,000. ಕಾರಣ, ಚೀಟಿಯಲ್ಲಿದ್ದ ಬಡ್ಡಿ ಎಲ್ಲಿಯೂ ಸಂಪಾದನೆಯಾಗಿರಲಿಲ್ಲ. ಅದು ಕಾಗದದ ಮೇಲಿನ ಸುಳ್ಳು. ಕೈಗೆ ಬಂದ 30,000 ಕೂಡ ಬಡ್ಡಿಯಲ್ಲ, ಯಾರದೋ ಅಸಲು. ಆದ್ದರಿಂದ ಕೊಟ್ಟದ್ದರಲ್ಲಿ ಪಡೆದದ್ದನ್ನು ಕಳೆದು ಉಳಿದದ್ದು ಮಾತ್ರ ಕ್ಲೇಮು.

ಈ 70,000 ಕೂಡ ಪೂರ್ತಿ ಸಿಗುವುದಿಲ್ಲ. ಸ್ಟ್ಯಾನ್‌ಫರ್ಡ್ ಪ್ರಕರಣದಲ್ಲಿ 2013ರ ಮೇ ತಿಂಗಳಲ್ಲಿ ನ್ಯಾಯಾಲಯ ಒಪ್ಪಿದ ಮೊದಲ ಹಂಚಿಕೆ 5.5 ಕೋಟಿ ಡಾಲರ್. ಕಳೆದುಕೊಂಡ ಪ್ರತಿ ಡಾಲರಿಗೆ ಸುಮಾರು 1 ಸೆಂಟ್. ನಮ್ಮ ಉದಾಹರಣೆಯ ವ್ಯಕ್ತಿಗೆ ನಾಲ್ಕು ವರ್ಷ ಕಾದ ಮೇಲೆ 700 ಡಾಲರ್ ಆಯಿತು. ಕ್ಲೇಮು ಸಲ್ಲಿಸಲು 2012ರ ಸೆಪ್ಟೆಂಬರ್ 1 ಕೊನೆಯ ದಿನವಾಗಿತ್ತು. ಆ ದಿನ ದಾಟಿದರೆ ಹಕ್ಕೇ ಹೋಗುವ ಅಪಾಯ. ‘ಹೇಗೂ ಏನೂ ಸಿಗುವುದಿಲ್ಲ’ ಎಂದು ಬೇಸತ್ತು ಅರ್ಜಿ ಹಾಕದವರು ಮುಂದೆ ಹಣ ಬಂದಾಗ ಪಾಲಿನ ಹೊರಗೆ ಉಳಿಯುತ್ತಾರೆ.

ಹೋದ ಹಣವನ್ನು ಮರಳಿ ಕೇಳುವುದು

ರಿಸೀವರ್ ಕೆಲಸದಲ್ಲಿ ಅತ್ಯಂತ ಕಹಿಯಾದದ್ದು ಮರುವಸೂಲಿ. ಸಂಸ್ಥೆ ಮುಚ್ಚುವ ಮೊದಲು ಹಣ ಪಡೆದವರ ಬಳಿಗೆ ಹೋಗಿ ‘ಅದು ನಿಮ್ಮದಲ್ಲ, ಹಿಂದೆ ಕೊಡಿ’ ಎಂದು ಕೇಳುವುದು. ಯಾರಿಂದ ಕೇಳಬಹುದು, ಯಾರಿಂದ ಕೇಳಬಾರದು ಎಂಬುದನ್ನು ನ್ಯಾಯಾಲಯಗಳು ಒಂದೊಂದಾಗಿ ನಿರ್ಧರಿಸಿದವು.

ಮೋಸದ ಅರಿವಿಲ್ಲದೆ ತಮ್ಮ ಠೇವಣಿಯನ್ನು ಹಿಂದಕ್ಕೆ ಪಡೆದ ಸಾಮಾನ್ಯ ಹೂಡಿಕೆದಾರರ ಖಾತೆಗಳನ್ನು ತಡೆಹಿಡಿಯಲು ರಿಸೀವರ್ ಆರಂಭದಲ್ಲಿ ಪ್ರಯತ್ನಿಸಿದರು. 2009ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆದರೆ 2014ರಲ್ಲಿ ಅದೇ ನ್ಯಾಯಾಲಯ, ಅಸಲಿಗಿಂತ ಹೆಚ್ಚು ಪಡೆದವರು ಆ ಹೆಚ್ಚಿನ ಮೊತ್ತವನ್ನು ಮರಳಿಸಬೇಕೆಂದು ಹೇಳಿತು. ಪತ್ರಗಳನ್ನು ಮಾರಿದ ಏಜೆಂಟರ ಖಾತೆಗಳನ್ನು ತಡೆಹಿಡಿದದ್ದನ್ನೂ ನ್ಯಾಯಾಲಯ ಎತ್ತಿಹಿಡಿಯಿತು.

ಅಮೆರಿಕದ ಎರಡೂ ದೊಡ್ಡ ಪಕ್ಷಗಳ ಸಮಿತಿಗಳು ಸ್ಟ್ಯಾನ್‌ಫರ್ಡ್ ಕಡೆಯಿಂದ ಚುನಾವಣಾ ದೇಣಿಗೆ ಪಡೆದಿದ್ದವು. 16 ಲಕ್ಷ ಡಾಲರಿಗೂ ಹೆಚ್ಚಿನ ಈ ಹಣವನ್ನು ಮರಳಿಸಬೇಕೆಂಬ ಆದೇಶ 2013ರಲ್ಲಿ ಮೇಲ್ಮನವಿಯಲ್ಲೂ ಉಳಿಯಿತು. ದಾನವಾಗಿ ಬಂದದ್ದೂ ಕದ್ದ ಹಣವಾದರೆ ದಾನ ಪಡೆದವರದ್ದಾಗುವುದಿಲ್ಲ ಎಂಬ ಪಾಠ ಇದರಲ್ಲಿದೆ. ದೇಣಿಗೆ ಸ್ವೀಕರಿಸುವ ಎಲ್ಲ ಸಂಸ್ಥೆಗಳಿಗೂ, ನಮ್ಮಂತಹ ಧಾರ್ಮಿಕ ಸಂಸ್ಥೆಗಳಿಗೂ, ಇದು ಯೋಚಿಸಬೇಕಾದ ಮಾತು.

ಎಲ್ಲ ಕಡೆ ರಿಸೀವರ್ ಗೆಲ್ಲಲಿಲ್ಲ. ಗಾಲ್ಫ್ ಚಾನೆಲ್ ಎಂಬ ಟಿವಿ ಸಂಸ್ಥೆಗೆ ಜಾಹೀರಾತಿಗಾಗಿ ಕೊಟ್ಟ 59 ಲಕ್ಷ ಡಾಲರನ್ನು ಅವರು ಮರಳಿ ಕೇಳಿದರು. ಮೊದಲು ಜಯವಾದರೂ, ‘ಜಾಹೀರಾತು ಪ್ರಸಾರವಾಗಿದೆ, ಕೊಟ್ಟ ಹಣಕ್ಕೆ ತಕ್ಕ ಸೇವೆ ಸಂದಿದೆ’ ಎಂದು 2016ರಲ್ಲಿ ಟೆಕ್ಸಾಸಿನ ಸರ್ವೋಚ್ಚ ನ್ಯಾಯಾಲಯ ಕಾನೂನನ್ನು ಅರ್ಥೈಸಿದ ಮೇಲೆ ಹಣ ಆ ಸಂಸ್ಥೆಯಲ್ಲೇ ಉಳಿಯಿತು.

ಸಹಾಯ ಮಾಡಿದವರ ಮೇಲೆ ದಾವೆ

ಸ್ಟ್ಯಾನ್‌ಫರ್ಡ್ ಸ್ವತ್ತನ್ನು ಮಾರಿ ಬರುವ ಹಣ ಸಾಲದೆಂದು ಬೇಗನೆ ತಿಳಿಯಿತು. ಹಾಗಾಗಿ ರಿಸೀವರ್ ಮತ್ತು 2010ರಲ್ಲಿ ನ್ಯಾಯಾಲಯ ರಚಿಸಿದ ಹೂಡಿಕೆದಾರರ ಸಮಿತಿ ಬೇರೊಂದು ದಾರಿ ಹಿಡಿದರು. ವಂಚಕನಿಗೆ ಸಲಹೆ ಕೊಟ್ಟ ಕಾನೂನು ಸಂಸ್ಥೆಗಳು, ಲೆಕ್ಕ ಪರಿಶೋಧಕರು, ವಿಮಾ ದಳ್ಳಾಳಿಗಳು, ಖಾತೆ ನಡೆಸಿದ ಬ್ಯಾಂಕುಗಳು, ಇವರು ನೋಡಿಯೂ ನೋಡದಂತಿದ್ದರು ಎಂಬುದು ಆರೋಪ. ಇಂತಹವರ ಮೇಲೆ ಹೂಡಿಕೆದಾರರು ರಾಜ್ಯ ಕಾನೂನಿನ ಪ್ರಕಾರ ದಾವೆ ಹೂಡಬಹುದೇ ಎಂಬ ಪ್ರಶ್ನೆ ದೇಶದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2014ರ ಫೆಬ್ರವರಿ 26ರಂದು ಏಳು ನ್ಯಾಯಮೂರ್ತಿಗಳು ‘ಹೂಡಬಹುದು’ ಎಂದರು. ಇಬ್ಬರು ಒಪ್ಪಲಿಲ್ಲ.

ಆ ಮೇಲೆ ಒಪ್ಪಂದಗಳು ಬರತೊಡಗಿದವು. ವಿಲ್ಲಿಸ್ ಎಂಬ ವಿಮಾ ದಳ್ಳಾಳಿ ಸಂಸ್ಥೆ 12 ಕೋಟಿ, ಪ್ರೊಸ್ಕಾವರ್ ರೋಸ್ ಎಂಬ ಕಾನೂನು ಸಂಸ್ಥೆ 6.3 ಕೋಟಿ, ಬಿಡಿಒ ಎಂಬ ಲೆಕ್ಕ ಪರಿಶೋಧನಾ ಸಂಸ್ಥೆ 4 ಕೋಟಿ ಡಾಲರ್ ಕೊಡಲು ಒಪ್ಪಿದವು. ಬ್ಯಾಂಕುಗಳ ಮೇಲಿನ ದಾವೆ 2009ರಿಂದ ಎಳೆಯುತ್ತಾ ಬಂದು, 2023ರ ಫೆಬ್ರವರಿ 27ರಂದು ವಿಚಾರಣೆ ಆರಂಭವಾಗಬೇಕಿದ್ದಾಗ ಇತ್ಯರ್ಥವಾಯಿತು. ಕೆನಡಾದ ಟಿಡಿ ಬ್ಯಾಂಕ್ 120.5 ಕೋಟಿ ಡಾಲರ್, ಸೊಸಿಯೆತೆ ಜೆನೆರಾಲ್ 15.7 ಕೋಟಿ, ಟ್ರಸ್ಟ್‌ಮಾರ್ಕ್ ಮತ್ತು ಇಂಡಿಪೆಂಡೆಂಟ್ ಬ್ಯಾಂಕುಗಳು ತಲಾ 10 ಕೋಟಿ, ಎಚ್‌ಎಸ್‌ಬಿಸಿ 4 ಕೋಟಿ, ಒಟ್ಟಿಗೆ ಸುಮಾರು 160 ಕೋಟಿ ಡಾಲರ್. ತಾವು ತಪ್ಪು ಮಾಡಿದ್ದೇವೆಂದು ಈ ಬ್ಯಾಂಕುಗಳು ಒಪ್ಪಿಕೊಂಡಿಲ್ಲ ಎಂಬುದನ್ನೂ ಹೇಳಬೇಕು.

ಹದಿನಾಲ್ಕು ವರ್ಷ. 2009ರಲ್ಲಿ 70 ವರ್ಷ ಪ್ರಾಯದವರಾಗಿದ್ದ ನಿವೃತ್ತರು ಆ ಹೊತ್ತಿಗೆ 84 ದಾಟಿದ್ದರು. ಕಾಯುತ್ತಲೇ ತೀರಿಕೊಂಡವರೂ ಇದ್ದಾರೆ. ಅವರ ಪಾಲು ವಾರಸುದಾರರಿಗೆ ಸಲ್ಲುತ್ತದೆ. ಆದರೆ ಮುಪ್ಪಿನ ಕಾಲದ ಔಷಧಿಗೆಂದು ಕೂಡಿಟ್ಟ ಹಣ ಮರಣದ ನಂತರ ಬಂದರೆ ಅದನ್ನು ಪೂರ್ಣ ನ್ಯಾಯ ಎನ್ನುವುದು ಕಷ್ಟ.

ಖರ್ಚು ಯಾರ ತಲೆಗೆ?

ಸಂತ್ರಸ್ತರ ಅತಿ ದೊಡ್ಡ ದೂರು ರಿಸೀವರ್ ತಂಡದ ಶುಲ್ಕದ ಬಗ್ಗೆ. ವಕೀಲರ, ಲೆಕ್ಕಿಗರ ಸಂಬಳ ಬರುವುದು ವಸೂಲಾದ ಹಣದಿಂದಲೇ. ಅಂದರೆ ಕೊನೆಯಲ್ಲಿ ಕಳೆದುಕೊಂಡವರ ಪಾಲಿನಿಂದಲೇ. ಮೊದಲ ಕೆಲವು ತಿಂಗಳುಗಳ ಬಿಲ್ಲು ಕೋಟಿಗಟ್ಟಲೆ ಡಾಲರ್ ಆದಾಗ ಎಸ್‌ಇಸಿ ಕೂಡ ಆಕ್ಷೇಪಿಸಿತು. ನ್ಯಾಯಾಧೀಶ ಡೇವಿಡ್ ಗಾಡ್‌ಬಿ ಅವರು ಶುಲ್ಕದ ಶೇಕಡಾ 20ರಷ್ಟನ್ನು ತಡೆಹಿಡಿದರು. ಹೂಡಿಕೆದಾರರ ಹಿತ ನೋಡಿಕೊಳ್ಳಲು ಪ್ರತ್ಯೇಕ ಪರೀಕ್ಷಕರನ್ನೂ ನ್ಯಾಯಾಲಯ ನೇಮಿಸಿತು. ಇನ್ನೊಂದೆಡೆ ಆಂಟಿಗುವಾದ ನ್ಯಾಯಾಲಯ ತನ್ನದೇ ಸಮಾಪಕರನ್ನು ನೇಮಿಸಿದ್ದರಿಂದ, ಬ್ರಿಟನ್, ಸ್ವಿಟ್ಜರ್ಲೆಂಡ್, ಕೆನಡಾಗಳಲ್ಲಿ ಸಿಕ್ಕಿಬಿದ್ದ ಹಣ ಯಾರಿಗೆ ಸೇರಬೇಕೆಂಬ ಜಗಳ 2013ರಲ್ಲಿ ಒಪ್ಪಂದವಾಗುವ ತನಕ ನಡೆಯಿತು. ಆ ಜಗಳದ ಖರ್ಚೂ ಅದೇ ಬುಟ್ಟಿಯಿಂದ ಹೋಯಿತು.

ಇದಕ್ಕೆ ಹೋಲಿಸಿ ನೋಡಬೇಕಾದದ್ದು ನ್ಯೂಯಾರ್ಕಿನ ಬರ್ನಾರ್ಡ್ ಮೇಡಾಫ್ ಪ್ರಕರಣ. 2008ರ ಡಿಸೆಂಬರ್ 11ರಂದು ಆತನ ಬಂಧನವಾಯಿತು. ಅಲ್ಲಿ ‘ಬೇಕರ್‌ಹಾಸ್ಟೆಟ್ಲರ್’ ಕಾನೂನು ಸಂಸ್ಥೆಯ ಇರ್ವಿಂಗ್ ಪಿಕಾರ್ಡ್ ಟ್ರಸ್ಟಿಯಾಗಿ ನೇಮಕಗೊಂಡು 1,400 ಕೋಟಿ ಡಾಲರಿಗೂ ಹೆಚ್ಚು ವಸೂಲು ಮಾಡಿದರು. ಅದು ಕಳೆದುಹೋದ ಅಸಲಿನ ಬಹುಪಾಲು. ಅಲ್ಲಿ ಷೇರು ದಳ್ಳಾಳಿಗಳ ಗ್ರಾಹಕರ ರಕ್ಷಣೆಗೆಂದೇ ಇರುವ ಎಸ್‌ಐಪಿಸಿ ಎಂಬ ನಿಧಿ ಟ್ರಸ್ಟಿಯ ಖರ್ಚನ್ನು ತಾನೇ ಭರಿಸಿತು. ಅರ್ಹ ಗ್ರಾಹಕರಿಗೆ 5 ಲಕ್ಷ ಡಾಲರ್ ತನಕ ಮುಂಗಡವನ್ನೂ ಕೊಟ್ಟಿತು. ಸ್ಟ್ಯಾನ್‌ಫರ್ಡ್ ಸಂತ್ರಸ್ತರಿಗೂ ಈ ರಕ್ಷಣೆ ಕೊಡಬೇಕೆಂದು ಎಸ್‌ಇಸಿ ನ್ಯಾಯಾಲಯಕ್ಕೆ ಹೋಯಿತು. ಆದರೆ ಅವರು ಹಣ ಕೊಟ್ಟದ್ದು ವಿದೇಶೀ ಬ್ಯಾಂಕಿನ ಠೇವಣಿಗೆ, ಅಮೆರಿಕದ ದಳ್ಳಾಳಿಯ ವಶಕ್ಕಲ್ಲ ಎಂಬ ಕಾರಣದಿಂದ 2014ರ ಜುಲೈಯಲ್ಲಿ ಮೇಲ್ಮನವಿ ನ್ಯಾಯಾಲಯ ಆ ಬೇಡಿಕೆಯನ್ನು ತಳ್ಳಿಹಾಕಿತು. ಎರಡೂ ಮೋಸವೇ. ಹಣ ಯಾವ ಕಾಗದದ ಮೇಲೆ ಹೋಯಿತು ಎಂಬ ಒಂದು ವ್ಯತ್ಯಾಸದಿಂದ ಒಬ್ಬರಿಗೆ ಮುಂಗಡ, ಇನ್ನೊಬ್ಬರಿಗೆ ಬರಿಗೈ.

ನಮ್ಮಲ್ಲಿ

ರಿಸೀವರ್ ಎಂಬ ಪದ ನಮ್ಮ ನ್ಯಾಯಾಲಯಗಳಿಗೂ ಹೊಸತಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 40ನೇ ಆದೇಶದಲ್ಲಿ ಅದರ ಬಗ್ಗೆ ನಿಯಮಗಳಿವೆ. ಆದರೆ ಠೇವಣಿ ವಂಚನೆಗಳಲ್ಲಿ ನಮ್ಮಲ್ಲಿ ಈ ಹೊಣೆಯನ್ನು ಖಾಸಗಿ ಕಾನೂನು ಸಂಸ್ಥೆಗೆ ವಹಿಸುವುದಿಲ್ಲ. ಕರ್ನಾಟಕದಲ್ಲಿ ಠೇವಣಿದಾರರ ಹಿತರಕ್ಷಣೆಯ 2004ರ ಕಾಯಿದೆಯ ಪ್ರಕಾರ ಸರಕಾರವು ಅಧಿಕಾರಿಯೊಬ್ಬರನ್ನು ‘ಸಕ್ಷಮ ಪ್ರಾಧಿಕಾರ’ವಾಗಿ ನೇಮಿಸುತ್ತದೆ. ಅವರು ಆಸ್ತಿಯನ್ನು ಜಪ್ತಿ ಮಾಡಿ, ವಿಶೇಷ ನ್ಯಾಯಾಲಯದ ಆದೇಶದಂತೆ ಮಾರಿ ಹಂಚಬೇಕು. 2019ರಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಮುಚ್ಚಿದಾಗ ಠೇವಣಿದಾರರು ಕ್ಲೇಮು ಸಲ್ಲಿಸಿದ್ದು ಇಂತಹ ಪ್ರಾಧಿಕಾರದ ಮುಂದೆ. ಅದೇ ವರ್ಷ ಕೇಂದ್ರ ಸರಕಾರವೂ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕಾಯಿದೆ ತಂದಿತು. ಪಿಎಸಿಎಲ್ ಪ್ರಕರಣದಲ್ಲಿ 2016ರ ಸುಪ್ರೀಂ ಕೋರ್ಟ್ ಆದೇಶದಂತೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್. ಎಂ. ಲೋಧಾ ಅವರ ಸಮಿತಿಗೆ ಜಮೀನು ಮಾರಿ ಹಣ ಮರಳಿಸುವ ಕೆಲಸ ಒಪ್ಪಿಸಲಾಯಿತು. ಹೆಸರು ಬೇರೆಯಾದರೂ ಕ್ರಮ ಒಂದೇ: ಎಲ್ಲರ ಹಣ ಒಂದೇ ಬುಟ್ಟಿಗೆ, ಪಾಲು ಪ್ರಮಾಣಕ್ಕೆ ಸರಿಯಾಗಿ.

ನೆನಪಿಡಬೇಕಾದ ಮಾತುಗಳು

ಹಣ ಕಳೆದುಕೊಂಡವರು ನಾಚಿಕೆಯಿಂದ ಮನೆಯವರಿಗೂ ಹೇಳದೆ ಕುಳಿತುಕೊಳ್ಳುವುದನ್ನು ನಾವು ಕಂಡಿದ್ದೇವೆ. ಮೋಸ ಹೋಗುವುದು ಪಾಪವಲ್ಲ. ಆದರೆ ಸುಮ್ಮನೆ ಕುಳಿತರೆ ಉಳಿದ ಪಾಲೂ ಹೋಗುತ್ತದೆ. ಆದ್ದರಿಂದ ಈ ಕೆಲವು ವಿಷಯಗಳನ್ನು ಗಮನಿಸಿರಿ.

1. ರಶೀದಿ, ಠೇವಣಿ ಪತ್ರ, ಬ್ಯಾಂಕ್ ಪಾಸ್‌ಬುಕ್ ಯಾವುದನ್ನೂ ಎಸೆಯಬೇಡಿ. ಕೊಟ್ಟದ್ದರ ದಾಖಲೆಯಷ್ಟೇ ಪಡೆದದ್ದರ ದಾಖಲೆಯೂ ಮುಖ್ಯ.

2. ಕ್ಲೇಮು ಸಲ್ಲಿಸುವ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೊತ್ತ ಸಣ್ಣದೆಂದು ಬಿಡಬೇಡಿ.

3. ನ್ಯಾಯಾಲಯದಿಂದ ನೇಮಕವಾದವರಿಂದ ಬಂದ ಪತ್ರಕ್ಕೆ ಉತ್ತರಿಸಿ. ವಿಳಾಸ ಬದಲಾದರೆ ತಿಳಿಸಿ. ಹಣ ಇಟ್ಟವರು ತೀರಿಕೊಂಡಿದ್ದರೆ ವಾರಸುದಾರರು ಮುಂದೆ ಬರಬೇಕು.

4. ‘ಇಷ್ಟು ಮುಂಗಡ ಕೊಟ್ಟರೆ ನಿಮ್ಮ ಪೂರ್ತಿ ಹಣ ಬಿಡಿಸಿಕೊಡುತ್ತೇವೆ’ ಎಂದು ಫೋನ್ ಮಾಡುವವರನ್ನು ನಂಬಬೇಡಿ. ಒಮ್ಮೆ ಮೋಸ ಹೋದವರ ಪಟ್ಟಿ ಹಿಡಿದು ಎರಡನೇ ಸಲ ಮೋಸ ಮಾಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ.

5. ಠೇವಣಿ ಇಡುವ ಮೊದಲು ಒಂದು ಪ್ರಶ್ನೆ ಕೇಳಿ: ಈ ಸಂಸ್ಥೆ ನಾಳೆ ಮುಚ್ಚಿದರೆ ನನ್ನ ಹಣಕ್ಕೆ ಕಾನೂನಿನ ಯಾವ ವಿಮೆ ಇದೆ? ಉತ್ತರ ‘ನಮ್ಮ ಮೇಲೆ ವಿಶ್ವಾಸ ಇಡಿ’ ಎಂದಾದರೆ ಎದ್ದು ಬನ್ನಿ.

ಎಷ್ಟೇ ಪ್ರಾಮಾಣಿಕ ರಿಸೀವರ್ ಇದ್ದರೂ ಒಡೆದ ಕೊಡದಿಂದ ಚೆಲ್ಲಿದ ನೀರನ್ನು ಪೂರ್ತಿ ತುಂಬಿಸಲಾರರು. ಉಳಿದದ್ದನ್ನು ಬಲಶಾಲಿಗಳು ಕಬಳಿಸದಂತೆ ಕಾದು, ಕಟ್ಟಕಡೆಯ ಸಣ್ಣ ಠೇವಣಿದಾರನಿಗೂ ಅವನ ಪಾಲನ್ನು ಮುಟ್ಟಿಸುವುದು ಅವರಿಂದ ಸಾಧ್ಯ. ಆ ಪಾಲು ನಿಮ್ಮ ಮನೆಗೆ ಬರಬೇಕಾದರೆ ನಿಮ್ಮ ಹೆಸರು ಅವರ ಪುಸ್ತಕದಲ್ಲಿ ಇರಬೇಕು. ನಿಮ್ಮ ನೆರೆಹೊರೆಯಲ್ಲಿ ಇಂತಹ ಸಂಕಷ್ಟದಲ್ಲಿರುವ ಹಿರಿಯರಿದ್ದರೆ, ಅವರ ಜೊತೆ ಕುಳಿತು ಒಂದು ಅರ್ಜಿ ತುಂಬಿಸಿ ಕೊಡಿರಿ.